ಚೀನಾದ ಹೊಸವರ್ಷದ ಚಿತ್ರಗಳು

ಶಿಲ್ಪಿಯು ಕಲ್ಲಿನಲ್ಲಿ ಮೂರ್ತಿಯನ್ನು ಕಡೆಯುವುದು ತಲೆಮಾರುಗಳ ಕಾಲ ನಿಲ್ಲಲೆಂದು. ಒಂದೇ ವರ್ಷ ಬಾಳಿ ಮರೆಯಾಗಲೆಂದು ರಚಿಸಿದ ಚಿತ್ರಗಳೂ ಲೋಕದಲ್ಲಿ ಉಂಟು. ಚೀನಾದ ಜನರು ಹೊಸವರ್ಷದ ಹಬ್ಬಕ್ಕೆ ಬಾಗಿಲಿಗೂ ಗೋಡೆಗೂ ಅಂಟಿಸುವ ‘ನಿಯೆನ್‌ಹುವಾ’ ಅಂಥವು. ನಿಯೆನ್ ಎಂದರೆ ವರ್ಷ, ಹುವಾ ಎಂದರೆ ಚಿತ್ರ. ಹಬ್ಬ ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಅಂಟಿಸುವುದು ಅಲ್ಲಿನ ವಾಡಿಕೆ. ಯಾರೂ ಕಾದಿರಿಸದ ಈ ಕಲೆ ಶತಮಾನಗಳ ಕಾಲ ಹೇಗೆ ಉಳಿಯಿತೆಂಬುದು ವಿಚಾರಾರ್ಹ.

ಈ ಚಿತ್ರಗಳ ತವರುಗಳಲ್ಲಿ ಹೆಸರಾದುದು ಯಾಂಗ್‌ಲ್ಯೂಚಿಂಗ್. ಉತ್ತರ ಚೀನಾದ ತಿಯಾನ್‌ಜಿನ್ ನಗರದ ಪಶ್ಚಿಮಕ್ಕೆ, ಮಹಾಕಾಲುವೆಯ ದಡದಲ್ಲಿರುವ ಪಟ್ಟಣವಿದು. ಮಿಂಗ್ ಅರಸರ ಕಾಲದ ಕೊನೆಯಲ್ಲಿ ಇಲ್ಲಿ ಬೇರೂರಿದ ಕಸುಬು 1644ರಲ್ಲಿ ಆರಂಭವಾದ ಚಿಂಗ್ ಆಳ್ವಿಕೆಯಲ್ಲಿ ಉನ್ನತಿಗೇರಿತು. ದಕ್ಷಿಣದ ಕಾಗದವೂ ಬಣ್ಣವೂ ಕಾಲುವೆಯ ದೋಣಿಗಳಲ್ಲಿ ಬಂದವು. ಸಿದ್ಧವಾದ ಚಿತ್ರಗಳು ಅದೇ ಹಾದಿಯಲ್ಲಿ ಹೊರಟವು. ದಾಯ್ ಮತ್ತು ಚೀ ಮನೆತನಗಳ ಕಾರ್ಯಾಗಾರಗಳು ಪ್ರಸಿದ್ಧವಾದವು. ಸುತ್ತಲಿನ ಹಳ್ಳಿಗಳ ಹೆಂಗಸರು, ಮಕ್ಕಳು ಸಹ ಮನೆಯಲ್ಲಿ ಕುಳಿತು ಬಣ್ಣ ತುಂಬುತ್ತಿದ್ದರು.

ಅರ್ಧ ಅಚ್ಚು, ಅರ್ಧ ಕೈಬರಹ ಎಂಬುದು ಈ ಶೈಲಿಯ ವೈಶಿಷ್ಟ್ಯ. ಮೊದಲು ಕಲಾವಿದನು ಕರಡು ರೇಖಾಚಿತ್ರ ಬರೆಯುತ್ತಾನೆ. ಕೆತ್ತನೆಗಾರನು ಅದನ್ನು ಗಟ್ಟಿ ಮರದ ಹಲಗೆಯ ಮೇಲೆ ಉಬ್ಬುಗೆರೆಗಳಾಗಿ ಬಿಡಿಸುತ್ತಾನೆ. ರೇಖೆಗೊಂದು, ಬಣ್ಣಬಣ್ಣಕ್ಕೂ ಒಂದೊಂದು ಹಲಗೆಯಿಂದ ಅಚ್ಚೊತ್ತಿದ ಬಳಿಕ ಮುಖ, ಕೈ, ಉಡುಪುಗಳ ಸೂಕ್ಷ್ಮವನ್ನು ಕುಂಚದಿಂದ ತಿದ್ದಬೇಕು. ಕೆನ್ನೆಯ ನಸುಗೆಂಪು ಕ್ರಮೇಣ ತಿಳಿಯಾಗುತ್ತ ಹೋಗುವ ಸೊಬಗು ಕುಂಚದ ಈ ಕೆಲಸದಿಂದಲೇ ಸಾಧ್ಯ. ಆದುದರಿಂದ ಒಂದೇ ಅಚ್ಚಿನ ಎರಡು ಹಾಳೆಗಳೂ ಪೂರ್ಣವಾಗಿ ಒಂದೇ ಆಗಿರುವುದಿಲ್ಲ.

ವಸ್ತುವಿನಲ್ಲಿ ಶ್ಲೇಷೆಯ ಆಟವಿದೆ. ಕಮಲದ ನಡುವೆ ಮೀನನ್ನು ಅಪ್ಪಿಕೊಂಡ ದುಂಡು ಮಗುವಿನ ಚಿತ್ರ ಎಲ್ಲರಿಗೂ ಪ್ರಿಯವಾದುದು. ಚೀನೀ ಭಾಷೆಯಲ್ಲಿ ‘ಲಿಯೆನ್’ ಎಂಬ ಉಚ್ಚಾರಣೆ ಕಮಲಕ್ಕೂ ನಿರಂತರತೆಗೂ ಸಲ್ಲುತ್ತದೆ. ‘ಯೂ’ ಎಂಬುದು ಮೀನಿಗೂ ಸಮೃದ್ಧಿಗೂ. ವರ್ಷವರ್ಷವೂ ಮನೆಯಲ್ಲಿ ಉಂಡು ಮಿಗಲಿ ಎಂಬ ಹಾರೈಕೆಯನ್ನು ಅಕ್ಷರ ಬಾರದವನೂ ಈ ಚಿತ್ರದಲ್ಲಿ ಓದಬಲ್ಲವನಾಗಿದ್ದನು. ಬಾಗಿಲ ಎರಡೂ ಕದಗಳ ಮೇಲೆ ಚಿನ್ ಶೂಬಾವ್ ಮತ್ತು ಯೂಚಿ ಗೋಂಗ್ ಎಂಬ ಸೇನಾನಿಗಳು ಆಯುಧ ಹಿಡಿದು ನಿಲ್ಲುತ್ತಾರೆ. ದೆವ್ವಗಳ ಕಾಟದಿಂದ ನಿದ್ರೆಗೆಟ್ಟ ತಾಂಗ್ ಚಕ್ರವರ್ತಿ ತೈಜೋಂಗನ ಬಾಗಿಲನ್ನು ಇವರು ರಾತ್ರಿಯಿಡೀ ಕಾದರೆಂಬುದು ಐತಿಹ್ಯ. ಅಡುಗೆಮನೆಯ ಒಲೆದೇವನ ಚಿತ್ರವನ್ನಂತೂ ವರ್ಷಾಂತ್ಯದಲ್ಲಿ ವಿಧಿಪೂರ್ವಕವಾಗಿ ಸುಡುತ್ತಿದ್ದರು. ಆ ಹೊಗೆಯೊಡನೆ ದೇವನು ಸ್ವರ್ಗಕ್ಕೆ ಹೋಗಿ ಮನೆಯ ವರದಿ ಒಪ್ಪಿಸುವನೆಂಬುದು ನಂಬಿಕೆ.

ಇಂಥ ಕಲೆಗೆ ಕುತ್ತು ಬಂದುದು ಹಾಳೆ ಹರಿದುದರಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಶಾಂಘೈನ ಕಲ್ಲಚ್ಚಿನ ಅಗ್ಗದ ಚಿತ್ರಗಳು ಪೇಟೆಯನ್ನು ತುಂಬಿದವು. 1937ರ ಬಳಿಕ ಜಪಾನೀ ಆಕ್ರಮಣದಲ್ಲಿ ವ್ಯಾಪಾರವೇ ಕುಸಿಯಿತು. 1966ರಲ್ಲಿ ತೊಡಗಿದ ಸಾಂಸ್ಕೃತಿಕ ಕ್ರಾಂತಿಯು ದೇವರ ಚಿತ್ರಗಳನ್ನು ಮೂಢನಂಬಿಕೆಯೆಂದು ಜರೆಯಿತು. ಹಳೆಯ ಹಲಗೆಗಳು ನಾಶವಾದವು. ಹಾಳೆ ಹೋದರೆ ಮತ್ತೊಂದನ್ನು ಅಚ್ಚೊತ್ತಬಹುದು. ಹಲಗೆ ಹೋಗಿ, ಕೆತ್ತುವ ಕೈಯೂ ಇಲ್ಲವಾದರೆ ಪರಂಪರೆಯೇ ಮುಗಿಯಿತು.

ದೈವವಶಾತ್ ಕೆಲವು ಹಾಳೆಗಳು ದೂರದೇಶದಲ್ಲಿ ಉಳಿದವು. 1907ರಲ್ಲಿ ಉತ್ತರ ಚೀನಾದಲ್ಲಿ ಸಂಚರಿಸಿದ ರಷ್ಯಾದ ವಿದ್ವಾಂಸ ವಾಸಿಲಿ ಅಲೆಕ್ಸೇಯೆವ್ ಇಂಥ ಚಿತ್ರಗಳನ್ನು ಆಸ್ಥೆಯಿಂದ ಕೂಡಿಹಾಕಿದರು. ಅವರ ಸಂಗ್ರಹ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಭದ್ರವಾಗಿದೆ. ತಿಯಾನ್‌ಜಿನ್‌ನಲ್ಲಿ ಸ್ಥಾಪಿತವಾದ ಯಾಂಗ್‌ಲ್ಯೂಚಿಂಗ್ ಚಿತ್ರಸಂಸ್ಥೆಯು ಅಳಿದುಳಿದ ಹಲಗೆಗಳನ್ನು ಕಲೆಹಾಕಿ, ಹಿರಿಯ ಕುಶಲಿಗಳಿಂದ ಕಿರಿಯರಿಗೆ ಕಸುಬು ಕಲಿಸಿತು. 2006ರಲ್ಲಿ ಚೀನಾ ಸರಕಾರ ಇದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಥಮ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಪಟ್ಟಿಯೂ ಸಂಗ್ರಹಾಲಯವೂ ಅವಶ್ಯವೇ. ಆದರೂ ಪ್ರತಿವರ್ಷ ಹಳೆಯದನ್ನು ಕಿತ್ತು ಹೊಸದು ಬೇಕೆಂದು ಕೇಳಿದ ಸಾಮಾನ್ಯ ಮನೆಗಳೇ ಈ ಕಲೆಯನ್ನು ಅಷ್ಟು ಕಾಲ ಸಲಹಿದವು. ಕೊಳ್ಳುವ ಮನೆಯಿದ್ದಷ್ಟು ಕಾಲ ಕೆತ್ತುವ ಕೈಗೆ ಕೆಲಸವಿತ್ತು. ಆ ಕೈಗೆ ಕೆಲಸವಿದ್ದುದರಿಂದ ಮಗನೂ ಉಳಿ ಹಿಡಿದನು. ಇಂದು ಕಲಿಯುತ್ತಿರುವ ಕಿರಿಯರಿಗೂ ಬೇಕಾದುದು ಅಂಥ ಮನೆಗಳೇ.