ಚೆಂಡಿನ ತಿರುಳೋ, ಸಿಪ್ಪೆಯೋ?

ಬೌಲಿಂಗ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕ್ರಿಕೆಟ್. ನಾನು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬೌಲಿಂಗಿನ ವಿಷಯ. ನುಣುಪಾದ ಹಾದಿಯ ಮೇಲೆ ಭಾರವಾದ ಚೆಂಡನ್ನು ಉರುಳಿಸಿ, ಆ ತುದಿಯಲ್ಲಿ ತ್ರಿಕೋನಾಕಾರವಾಗಿ ನಿಲ್ಲಿಸಿದ ಹತ್ತು ಪಿನ್‌ಗಳನ್ನು ಬೀಳಿಸುವ ಆಟ ಅದು. ಅಮೆರಿಕದಲ್ಲಿ ಬೆಳೆದ ಈ ಆಟ ಈಗ ಬೆಂಗಳೂರಿನ ಮಾಲ್‌ಗಳಿಗೂ ಬಂದಿದೆ. ನೀವು ಆಡದಿದ್ದರೂ ಆಡುವವರನ್ನು ನೋಡಿರಬಹುದು.

ಇಪ್ಪತ್ತೈದು ವರ್ಷಗಳಿಂದ ನಾನು ಕರಿಹಲಗೆಯ ಮೇಲೆ ಘನ ಗೋಳದ ಜಡತ್ವ ಭ್ರಾಮಕದ ಸೂತ್ರವನ್ನು ಬರೆಯುತ್ತ ಬಂದಿದ್ದೇನೆ. ರಾಶಿಯನ್ನು ತ್ರಿಜ್ಯದ ವರ್ಗದಿಂದ ಗುಣಿಸಿ, ಬಂದದ್ದನ್ನು 2/5ರಿಂದ ಗುಣಿಸಿದರಾಯಿತು. ಗೋಳದ ಒಳಗೆಲ್ಲ ಸಾಂದ್ರತೆ ಒಂದೇ ಆಗಿರಬೇಕು ಎಂಬ ಷರತ್ತನ್ನು ಮಾತ್ರ ಬಾಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಒಮ್ಮೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಒಳಗೆ ಒಂದೇ ಆಗಿಲ್ಲದಿದ್ದರೆ?" ಎಂದು ಕೇಳಿದ. ಆಗ ಕೊಟ್ಟ ಉತ್ತರ ನನಗೇ ತೃಪ್ತಿಯಾಗಿರಲಿಲ್ಲ. ಆ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡ ಒಂದು ಉದ್ಯಮವಿದೆ ಎಂದು ತಿಳಿದದ್ದು ಆಮೇಲೆ.

ಮೊದಲು ಅಳತೆಗಳನ್ನು ನೋಡೋಣ. ಚೆಂಡನ್ನು ಬಿಡುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ, ಅಂದರೆ ಸುಮಾರು 18.3 ಮೀಟರ್. ಹಾದಿಯ ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಚೆಂಡಿನ ವ್ಯಾಸ ಸುಮಾರು 21.8 ಸೆಂಟಿಮೀಟರ್, ಗರಿಷ್ಠ ತೂಕ 16 ಪೌಂಡ್, ಅಂದರೆ 7.26 ಕಿಲೊಗ್ರಾಂ. ಚೆಂಡನ್ನು ನೆಟ್ಟಗೆ ಬಿಟ್ಟರೆ, ಹಾದಿಯ ಅಂಚಿನಿಂದ ಹೊರಟರೂ ಅದು ಪಿನ್‌ಗಳನ್ನು ತಲಪುವಾಗ ಇರುವ ಓರೆ ಎರಡು ಡಿಗ್ರಿಯೂ ಇಲ್ಲ. ಹತ್ತೂ ಪಿನ್ ಬೀಳುವ ಸಂಭವ ಹೆಚ್ಚಬೇಕಾದರೆ ನಾಲ್ಕರಿಂದ ಆರು ಡಿಗ್ರಿ ಓರೆ ಬೇಕು. ಆದ್ದರಿಂದ ಚೆಂಡು ಕೊನೆಯ ಭಾಗದಲ್ಲಿ ಬಾಗಲೇಬೇಕು. ಹೀಗೆ ಬಾಗುವುದಕ್ಕೆ ಆಟಗಾರರು ಹುಕ್ ಎನ್ನುತ್ತಾರೆ.

ಬಾಗಿಸುವ ಬಲ ಎಲ್ಲಿಂದ ಬರುತ್ತದೆ? ಚೆಂಡಿಗೂ ಹಾದಿಗೂ ನಡುವಣ ಘರ್ಷಣೆಯಿಂದ ಮಾತ್ರ. ಕೈಬಿಟ್ಟ ಚೆಂಡು ಮೊದಲು ಉರುಳುವುದಿಲ್ಲ, ಜಾರುತ್ತದೆ. ಆಟಗಾರ ಅದಕ್ಕೆ ಪಕ್ಕಕ್ಕೆ ತಿರುಗುವ ಭ್ರಮಣೆಯನ್ನೂ ಕೊಟ್ಟಿದ್ದರೆ ಘರ್ಷಣೆ ಓರೆಯಾಗಿ ವರ್ತಿಸುತ್ತದೆ. ಜಾರುತ್ತಿರುವಷ್ಟು ಹೊತ್ತು ಏಕರೂಪದ ಚೆಂಡಿನ ಪಥ ಪರವಲಯ. ಶುದ್ಧವಾಗಿ ಉರುಳತೊಡಗಿದ ಮೇಲೆ ಸರಳರೇಖೆ. ಇದನ್ನು ಫ್ರಾನ್ಸಿನ ಕೊರಿಯೊಲಿ 1835ರಲ್ಲೇ ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತ ತನ್ನ ಪುಸ್ತಕದಲ್ಲಿ ತೋರಿಸಿದ್ದ. ಗಾಳಿಯ ದಿಕ್ಕನ್ನು ವಿವರಿಸುವಾಗ ನಾವು ಹೆಸರಿಸುವ ಕೊರಿಯೊಲಿಯೇ ಈತ.

ಚೆಂಡಿನ ಇತಿಹಾಸ ಶುರುವಾಗುವುದು ಮರದಿಂದ. 19ನೇ ಶತಮಾನದಲ್ಲಿ ಲಿಗ್ನಮ್ ವೀಟೆ ಎಂಬ, ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ ಮರದಿಂದ ಚೆಂಡನ್ನು ಕಡೆಯುತ್ತಿದ್ದರು. ಅಳತೆಗಳನ್ನೂ ನಿಯಮಗಳನ್ನೂ ಏಕರೂಪಗೊಳಿಸಲು 1895ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಹುಟ್ಟಿತು. 20ನೇ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರಿನ ಚೆಂಡುಗಳು ಬಂದವು. 1914ರಲ್ಲಿ ಬ್ರನ್ಸ್‌ವಿಕ್ ಕಂಪನಿ ಮಿನರಲೈಟ್ ಎಂಬ ಚೆಂಡನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಅರ್ಧ ಶತಮಾನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. 1960ರ ದಶಕದಲ್ಲಿ ಪಾಲಿಯೆಸ್ಟರ್ ಬಂತು. ಇವುಗಳ ಒಳಗೂ ಒಂದು ಭಾರವಾದ ಬಿಲ್ಲೆ ಇರುತ್ತಿತ್ತು, ದೋಸೆಯಷ್ಟು ಚಪ್ಪಟೆ. ಬೆರಳು ತೂರಿಸಲು ಕೊರೆದ ತೂತುಗಳಿಂದ ಕಡಿಮೆಯಾದ ತೂಕವನ್ನು ತುಂಬಿಕೊಡುವುದಷ್ಟೇ ಅದರ ಕೆಲಸ.

ಕ್ರಾಂತಿಯಾದದ್ದು 1973ರಲ್ಲಿ, ಅದೂ ಯಾವ ಪ್ರಯೋಗಾಲಯದಲ್ಲೂ ಅಲ್ಲ. ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ತನ್ನ ಪಾಲಿಯೆಸ್ಟರ್ ಚೆಂಡನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಹಾಕಿದ. ದ್ರಾವಕ ಹೊರಮೈಯನ್ನು ಮೆದುವಾಗಿಸಿತು. ಮೆದುವಾದ ಮೈ ಹಾದಿಯನ್ನು ಹೆಚ್ಚು ಕಚ್ಚಿತು. ಆ ವರ್ಷ ಆತ ಆರು ಪ್ರಶಸ್ತಿಗಳನ್ನು ಗೆದ್ದು ವರ್ಷದ ಆಟಗಾರನೆನಿಸಿಕೊಂಡ. ಸುದ್ದಿ ಹರಡಿದ ಮೇಲೆ ಉಳಿದವರೂ ಬಕೆಟ್ಟಿನಲ್ಲಿ ಚೆಂಡು ನೆನೆಸಿದರು. ಈ ದ್ರಾವಕ ಥಟ್ಟನೆ ಹೊತ್ತಿಕೊಳ್ಳುವಂಥದು, ಅದರ ಆವಿಯೂ ಒಳ್ಳೆಯದಲ್ಲ. ಯಾರೂ ಮನೆಯಲ್ಲಿ ಮಾಡಿನೋಡಬೇಡಿ. ಕೊನೆಗೆ ನಿಯಮ ಬಂತು. ಮೊನಚಾದ ಸೂಜಿಯನ್ನು ಒತ್ತಿ ಗಡಸುತನವನ್ನಳೆಯುವ ಡ್ಯೂರೊಮೀಟರಿನ ಶೋರ್ ಡಿ ಮಾಪಕದಲ್ಲಿ ಚೆಂಡು ಕನಿಷ್ಠ 72 ತೋರಿಸಬೇಕೆಂದು ಬೌಲಿಂಗ್ ಕಾಂಗ್ರೆಸ್ ವಿಧಿಸಿತು. ಆಟದ ನಿಯಮಪುಸ್ತಕದೊಳಕ್ಕೆ ದ್ರವ್ಯವಿಜ್ಞಾನ ಹೀಗೆ ಕಾಲಿಟ್ಟಿತು.

ಮೆಕ್ಯೂನ್ ತೋರಿಸಿಕೊಟ್ಟ ದಾರಿಯಲ್ಲೇ ಕಂಪನಿಗಳು ನಡೆದವು. 1980ರ ದಶಕದ ಆರಂಭದಲ್ಲಿ ಯುರೆಥೇನ್ ಕವಚದ ಚೆಂಡುಗಳು ಬಂದವು. ಮುಂದಿನ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂತು. ಯುರೆಥೇನಿಗೆ ಕೆಲವು ಸಂಯೋಜಕಗಳನ್ನು ಬೆರೆಸಿ ಎರಕ ಹೊಯ್ದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಈ ರಂಧ್ರಗಳ ಮಹತ್ವ ತಿಳಿಯಬೇಕಾದರೆ ಹಾದಿಗೆ ಎಣ್ಣೆ ಬಳಿದಿರುತ್ತಾರೆ ಎಂಬುದನ್ನು ನೀವು ತಿಳಿದಿರಬೇಕು. ಮರವನ್ನು ರಕ್ಷಿಸಲು ಶುರುವಾದ ಪದ್ಧತಿ ಅದು. ಈಗ ಹಾದಿಯ ಮೊದಲ ಮೂರನೆಯ ಎರಡು ಭಾಗದಷ್ಟು ಎಣ್ಣೆ, ಆಮೇಲೆ ಒಣನೆಲ. ರೆಸಿನ್ನಿನ ರಂಧ್ರಗಳು ಎಣ್ಣೆಯನ್ನು ಹೀರಿಕೊಳ್ಳುತ್ತವೆ; ಚೆಂಡು ಒಣನೆಲ ಮುಟ್ಟಿದೊಡನೆ ಗಕ್ಕನೆ ಹಿಡಿತ ಸಿಗುತ್ತದೆ. ಹೀರಿದ ಎಣ್ಣೆ ತುಂಬಿಕೊಂಡಾಗ ಹಿಡಿತ ಹೋಗುತ್ತದೆ. ಚೆಂಡು ಸತ್ತಿತು ಎಂದು ಆಟಗಾರರು ಹೇಳುವುದು ಇದಕ್ಕೇ. ಹದವಾಗಿ ಬಿಸಿ ಮಾಡಿದರೆ ಅದು ಬೆವರಿದಂತೆ ಎಣ್ಣೆಯನ್ನು ಹೊರಬಿಡುತ್ತದೆ.

ಇನ್ನು ತಿರುಳಿನ ಕಥೆ. ಸಾಂದ್ರವಾದ ಗಟ್ಟಿಯನ್ನು ಚೆಂಡಿನ ನಡುವಿಗೆ ತಂದರೆ ಜಡತ್ವ ಭ್ರಾಮಕ ಕಡಿಮೆಯಾಗುತ್ತದೆ, ಅಂಚಿನತ್ತ ಸರಿಸಿದರೆ ಹೆಚ್ಚುತ್ತದೆ. ಇದನ್ನು ನೀವು ತರಗತಿಯಲ್ಲೇ ತೋರಿಸಬಹುದು. ಒಂದೇ ಬಗೆಯ ಎರಡು ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದರ ಮುಚ್ಚಳ ಮತ್ತು ತಳದ ನಡುವಿನಲ್ಲಿ ನಾಣ್ಯಗಳನ್ನು ಅಂಟಿಸಿ. ಇನ್ನೊಂದಕ್ಕೆ ಅಷ್ಟೇ ನಾಣ್ಯಗಳನ್ನು ಅಂಚಿನ ಸುತ್ತ ಸಮವಾಗಿ ಅಂಟಿಸಿ. ಇಳಿಜಾರು ಹಲಗೆಯ ಮೇಲಿಂದ ಒಟ್ಟಿಗೆ ಬಿಟ್ಟರೆ ಮೊದಲನೆಯದೇ ಮುಂದೆ.

ಬೌಲಿಂಗಿನಲ್ಲಿ ಈ ಹಂಚಿಕೆಯನ್ನು ಪರಿಭ್ರಮಣ ತ್ರಿಜ್ಯದಿಂದ ಹೇಳುತ್ತಾರೆ. ನಮ್ಮ 2/5ರ ಗೋಳಕ್ಕೆ ಅದು 2.72 ಅಂಗುಲ. ನಿಯಮ ಒಪ್ಪುವ ವ್ಯಾಪ್ತಿ 2.46ರಿಂದ 2.80 ಅಂಗುಲ. ತಿರುಳಿನ ಆಕಾರವನ್ನು ಬಲ್ಬಿನಂತೆಯೋ ಇನ್ನೂ ವಿಚಿತ್ರವಾಗಿಯೋ ಮಾಡಿದರೆ ಬೇರೆ ಬೇರೆ ಅಕ್ಷಗಳ ಸುತ್ತ ಈ ತ್ರಿಜ್ಯ ಬೇರೆಯಾಗುತ್ತದೆ. ಆ ವ್ಯತ್ಯಾಸಕ್ಕೂ 0.060 ಅಂಗುಲದ ಮಿತಿಯಿದೆ. ಅಂದರೆ ಒಂದೂವರೆ ಮಿಲಿಮೀಟರ್. 1990ರ ದಶಕದಲ್ಲಿ ಮೋ ಪಿನೆಲ್‌ರಂಥ ವಿನ್ಯಾಸಕಾರರು ಅಸಮ ತಿರುಳುಗಳನ್ನು ಜನಪ್ರಿಯಗೊಳಿಸಿದರು. ಚೆಂಡನ್ನು ಹಲಸಿನ ಹಣ್ಣಿನಂತೆ ಸೀಳಿ ಬಣ್ಣಬಣ್ಣದ ತಿರುಳನ್ನು ತೋರಿಸುವ ಜಾಹೀರಾತುಗಳು ತುಂಬಿಹೋದವು.

ಹಾಗಾದರೆ ಯಾವುದರ ಪ್ರಭಾವ ಹೆಚ್ಚು? ಜಾಹೀರಾತನ್ನು ಪಕ್ಕಕ್ಕಿಟ್ಟು ನಾವೇ ಲೆಕ್ಕ ಮಾಡೋಣ. ಚೆಂಡನ್ನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ, ಭ್ರಮಣೆಯಿಲ್ಲದೆ ಬಿಟ್ಟಿದ್ದೇವೆಂದುಕೊಳ್ಳಿ. ಏಕರೂಪದ ಗೋಳ ಜಾರುವುದನ್ನು ನಿಲ್ಲಿಸಿ ಶುದ್ಧವಾಗಿ ಉರುಳತೊಡಗುವ ದೂರ, ವೇಗದ ವರ್ಗದ 12/49 ಭಾಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಷ್ಟು. ಎಣ್ಣೆಯ ಮೇಲೆ ಘರ್ಷಣಾಂಕ 0.04 ಎಂದಿಟ್ಟುಕೊಂಡರೆ ಈ ದೂರ 40 ಮೀಟರ್. ಹಾದಿಯೇ 18 ಮೀಟರ್, ಆದ್ದರಿಂದ ಚೆಂಡು ಪಿನ್ ಮುಟ್ಟುವವರೆಗೂ ಜಾರುತ್ತಲೇ ಇರುತ್ತದೆ. ಒಣನೆಲದ ಮೇಲೆ 0.20 ಎಂದಿಟ್ಟುಕೊಂಡರೆ 8 ಮೀಟರಷ್ಟೆ. ಈಗ ಘರ್ಷಣಾಂಕವನ್ನು 0.20ರಲ್ಲೇ ಇಟ್ಟು ತಿರುಳನ್ನು ಬದಲಾಯಿಸಿ. ನಿಯಮದ ಕನಿಷ್ಠ ಪರಿಭ್ರಮಣ ತ್ರಿಜ್ಯಕ್ಕೆ 7.1 ಮೀಟರ್, ಗರಿಷ್ಠಕ್ಕೆ 8.3 ಮೀಟರ್. ತಿರುಳಿನ ಈ ತುದಿಯಿಂದ ಆ ತುದಿಗೆ ಹೋದರೂ ವ್ಯತ್ಯಾಸ ಒಂದು ಮೀಟರಿಗಿಂತ ತುಸು ಹೆಚ್ಚು. ಮೈ ಮತ್ತು ನೆಲದ ಹಿಡಿತ ಬದಲಾದರೆ ಮೂವತ್ತೆರಡು ಮೀಟರ್! ಇದು ಸರಳೀಕರಿಸಿದ ಲೆಕ್ಕ, ಒಪ್ಪುತ್ತೇನೆ. ಆದರೆ ಅಮೆರಿಕದ ಬೌಲಿಂಗ್ ಒಕ್ಕೂಟ 2008ರಲ್ಲಿ ಮುಗಿಸಿದ ವಿಸ್ತಾರವಾದ ಅಧ್ಯಯನವೂ ಮೇಲ್ಮೈಯ ಒರಟುತನ, ಘರ್ಷಣೆ, ಎಣ್ಣೆ ಹೀರುವ ವೇಗ ಇವುಗಳನ್ನೇ ಪಟ್ಟಿಯ ಮೇಲ್ಭಾಗದಲ್ಲಿಟ್ಟಿತು.

ಹಾಗೆಂದು ತಿರುಳು ಬರೀ ಶೋಕಿಯಲ್ಲ. ಅದರ ನಿಜವಾದ ಕೆಲಸ ಜಾಣತನದ್ದು. ಜಡತ್ವ ಭ್ರಾಮಕ ಎಲ್ಲ ಅಕ್ಷಗಳ ಸುತ್ತ ಒಂದೇ ಆಗಿಲ್ಲದಿದ್ದಾಗ, ಚೆಂಡು ತಿರುಗುವ ಅಕ್ಷ ಚೆಂಡಿನೊಳಗೇ ಮೆಲ್ಲಗೆ ಸರಿಯುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ನೆಲ ಮುಟ್ಟುವ ಪಟ್ಟಿ ಹೊಸದು, ಎಣ್ಣೆ ಹತ್ತದ್ದು. ಆಟದ ನಂತರ ಚೆಂಡನ್ನು ನೋಡಿದರೆ ಬೀಸಣಿಗೆ ಬಿಚ್ಚಿದಂತೆ ಎಣ್ಣೆಯ ಗೆರೆಗಳು ಕಾಣುತ್ತವೆ. ಸಿಪ್ಪೆ ತನ್ನ ಕೆಲಸವನ್ನು ಎಲ್ಲಿ, ಯಾವಾಗ ಮಾಡಬೇಕೆಂದು ತಿರುಳು ಗೊತ್ತುಮಾಡುತ್ತದೆ ಎನ್ನಬಹುದು.

ಇದರ ಪರಿಣಾಮ ಅಂಕಪಟ್ಟಿಯಲ್ಲಿ ಕಂಡಿತು. ಒಂದೂ ತಪ್ಪಿಲ್ಲದೆ ಪೂರ್ತಿ 300 ಅಂಕ ಗಳಿಸಿದ ಆಟಗಳು ಅಮೆರಿಕದಲ್ಲಿ 1968–69ರಲ್ಲಿ ಸುಮಾರು 900 ಇದ್ದದ್ದು 1998–99ರಲ್ಲಿ 34,000 ದಾಟಿತು. ಹಾದಿಗೆ ಎಣ್ಣೆ ಬಳಿಯುವ ಕ್ರಮ ಬದಲಾದದ್ದೂ ಇದಕ್ಕೆ ಕಾರಣ. ಮನುಷ್ಯರ ತೋಳು ಮೂವತ್ತು ವರ್ಷಗಳಲ್ಲಿ ಅಷ್ಟು ಬದಲಾಗಿರಲಾರದು. ಗೆದ್ದದ್ದು ಆಟಗಾರನೋ ಚೆಂಡೋ ಎಂಬ ತಕರಾರು ಆಗಿನಿಂದ ನಿಂತಿಲ್ಲ. ಸಮತೋಲಕ್ಕೆಂದು ಕೊರೆಯುತ್ತಿದ್ದ ಹೆಚ್ಚುವರಿ ತೂತನ್ನು ಒಕ್ಕೂಟ 2020ರ ಆಗಸ್ಟ್ 1ರಿಂದ ನಿಷೇಧಿಸಿತು. ಆ ತೂತಿನಿಂದ ಚೆಂಡಿನ ಜಡತ್ವವನ್ನೇ ತಿದ್ದಿಕೊಳ್ಳಬಹುದಾಗಿತ್ತು.

ಮಾಲಿನಲ್ಲಿ ಬಾಡಿಗೆಗೆ ಸಿಗುವ ಚೆಂಡು ಸಾಮಾನ್ಯವಾಗಿ ಗಟ್ಟಿ ಪಾಲಿಯೆಸ್ಟರಿನದು, ಒಳಗೆ ಹೇಳಿಕೊಳ್ಳುವಂಥ ತಿರುಳಿಲ್ಲ. ಎಷ್ಟು ತಿರುಚಿ ಬಿಟ್ಟರೂ ಅದು ಬಹುಮಟ್ಟಿಗೆ ನೆಟ್ಟಗೇ ಹೋದರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಚೆಂಡು ಮರಳಿ ಬಂದಾಗ ಒರೆಸುವ ಮೊದಲು ಒಮ್ಮೆ ತಿರುಗಿಸಿ ನೋಡಿ: ಎಣ್ಣೆಯ ಗೆರೆಗಳು ಬೀಸಣಿಗೆಯಂತೆ ಹರಡಿರುವುದಿಲ್ಲ, ಒಂದರ ಮೇಲೊಂದು ಬಿದ್ದು ಒಂದೇ ಬಳೆಯಾಗಿರುತ್ತವೆ.