ಮೂರು ಹೊಲಗಳ ಪಾಠ



ಶಾಲಾ ಪ್ರವಾಸವೆಂದೊಡನೆ ನಿಮ್ಮ ನೆನಪಿಗೆ ಬರುವುದು ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಅರಸರು ಕಟ್ಟಿಸಿದ್ದು, ಶಿಲ್ಪಿಗಳು ಕಡೆದದ್ದು ನಮ್ಮ ಪಾಲಿಗೆ ಇತಿಹಾಸವಾಗಿತ್ತು. ಆ ಶಿಲ್ಪಿಗಳಿಗೆ ಅನ್ನ ಬೆಳೆದುಕೊಟ್ಟ ರೈತನ ಹೊಲ ನಮ್ಮ ಪ್ರವಾಸದ ಪಟ್ಟಿಯಲ್ಲಿ ಇರಲಿಲ್ಲ. ಅಮೆರಿಕದ ಮಧ್ಯಪಶ್ಚಿಮ ಭಾಗದ ಮಕ್ಕಳನ್ನು ಅಲ್ಲಿನ ಉಪಾಧ್ಯಾಯರು ಕರೆದೊಯ್ಯುವುದು ಅಂಥ ಹೊಲಗಳಿಗೇ. ನಿಮ್ಮಲ್ಲಿ ಕೆಲವರ ಮಕ್ಕಳು ಈಗ ಅಲ್ಲಿಯ ಶಾಲೆಗಳಲ್ಲಿ ಓದುತ್ತಿರುವುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಹಳೆಯ ಬದುಕನ್ನು ಬಯಲಿನಲ್ಲಿಯೇ ತೋರಿಸುವ ವಿಚಾರಕ್ಕೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಸ್ವೀಡನ್ನಿನ ಆರ್ಥರ್ ಹಜೇಲಿಯಸ್ ಎಂಬುವರು 1891ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ‘ಸ್ಕಾನ್ಸೆನ್’ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ತೆರೆದರು. ದೇಶದ ನಾನಾ ಕಡೆಯ ರೈತರ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅಮೆರಿಕದಲ್ಲಿ ಮೇರಿಯನ್ ಕ್ಲಾಸನ್ ಎಂಬ ಅರ್ಥಶಾಸ್ತ್ರಜ್ಞರು 1965ರಲ್ಲಿ ಬೇರೆ ಬೇರೆ ಕಾಲದ ಬೇಸಾಯವನ್ನು ನಡೆಸಿ ತೋರಿಸುವ ಜೀವಂತ ಹೊಲಗಳು ದೇಶದಾದ್ಯಂತ ಇರಬೇಕೆಂದು ಒಂದು ಲೇಖನದಲ್ಲಿ ಸೂಚಿಸಿದರು. ಅಯೊವಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಮರ್ರೆ ಅವರು 1970ರಲ್ಲಿ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಅದು ಡೆ ಮೊಯ್ನ್ ನಗರಕ್ಕೆ ಹೊಂದಿಕೊಂಡ ಅರ್ಬನ್‌ಡೇಲ್‌ನಲ್ಲಿದೆ. 1979ರ ಅಕ್ಟೋಬರ್ 4ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ಲಕ್ಷಾಂತರ ಜನರೆದುರು ಪೂಜೆ ನಡೆಸಿದ್ದು ಇಲ್ಲಿಯೇ.

ಇಲ್ಲಿ ಮೂರು ಕಾಲದ ಮೂರು ಹೊಲಗಳಿವೆ. ಟ್ರ್ಯಾಕ್ಟರ್ ಎಳೆಯುವ ಬಂಡಿಯಲ್ಲಿ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಮೊದಲನೆಯದು 1700ರ ಕಾಲದ ಅಯೊವೇ ಜನಾಂಗದ ಹೊಲ. ಮರದ ತೊಗಟೆ ಹೊದಿಸಿದ ಮನೆಗಳು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳದ ಬೆಳೆಗಳು. ಆ ಜನರಲ್ಲಿ ಬೇಸಾಯ ಹೆಂಗಸರ ಕೆಲಸ. ಕಾಡೆಮ್ಮೆಯ ಹೆಗಲ ಮೂಳೆಯನ್ನು ಕೋಲಿಗೆ ಕಟ್ಟಿದರೆ ಅದೇ ಗುದ್ದಲಿ. ಇಂದು ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಎಕರೆಗಟ್ಟಲೆ ಬೆಳೆಯುವ ಮೆಕ್ಕೆಜೋಳ ಆ ಖಂಡದ ಮೂಲನಿವಾಸಿಗಳು ಸಾವಿರಾರು ವರ್ಷ ಆಯ್ದು ಬೆಳೆಸಿದ ಪೈರೆಂಬುದನ್ನು ನಾವೂ ನೆನೆಯಬೇಕು.

ಎರಡನೆಯದು 1850ರ ವಲಸಿಗ ರೈತನದು. ಮರದ ದಿಮ್ಮಿಗಳ ಮನೆ, ಸೀಳಿದ ಮರದ ಅಂಕುಡೊಂಕು ಬೇಲಿ, ಉಳಲು ಎತ್ತುಗಳು. ಆಳೆತ್ತರ ಬೆಳೆಯುವ ಹುಲ್ಲಿನ ಬೇರುಗಳು ಹೆಣೆದುಕೊಂಡಿದ್ದ ಆ ಕರಿನೆಲವನ್ನು ಒಡೆಯುವುದು ಸುಲಭವಾಗಿರಲಿಲ್ಲ. ಎರಕದ ಕಬ್ಬಿಣದ ನೇಗಿಲಿಗೆ ಮಣ್ಣು ಅಂಟಿಕೊಂಡು ರೈತ ಹೆಜ್ಜೆಹೆಜ್ಜೆಗೂ ನಿಂತು ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಇಲಿನಾಯ್ ರಾಜ್ಯದ ಕಮ್ಮಾರ ಜಾನ್ ಡೀರ್ ನುಣುಪಾದ ಉಕ್ಕಿನ ನೇಗಿಲನ್ನು ಮಾಡಿದ ಮೇಲೆ ಮಣ್ಣು ತಾನಾಗಿ ಜಾರತೊಡಗಿತು. ಆ ಹುಲ್ಲುಗಾವಲಿನಲ್ಲಿ ಇಂದು ಅಯೊವಾದಲ್ಲಿ ಉಳಿದಿರುವುದು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ.

ಮೂರನೆಯದು 1900ರ ಹೊಲ. ಎತ್ತುಗಳ ಜಾಗಕ್ಕೆ ಭಾರಿ ಕುದುರೆಗಳು ಬಂದಿವೆ. ಬಿತ್ತನೆಗೆ ಯಂತ್ರ ಬಂದಿದೆ. ಆದರೆ ಆ ಕಾಲದ ರೈತ ಜೋಳದ ತೆನೆಯನ್ನು ಇನ್ನೂ ಕೈಯಿಂದಲೇ ಮುರಿಯುತ್ತಿದ್ದ. ನೂರೈವತ್ತು ಪುಟಗಳ ಪುಸ್ತಕ ಹೇಳಲಾರದ್ದನ್ನು ಮಕ್ಕಳು ಇಲ್ಲಿ ಅರ್ಧ ದಿನದಲ್ಲಿ ಕಣ್ಣಾರೆ ಕಂಡು ಅರಿಯುತ್ತಾರೆ. ಒಂದು ರೊಟ್ಟಿಯ ಹಿಂದೆ ಎಷ್ಟು ದುಡಿಮೆಯಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಇಷ್ಟಾದರೂ, ಇತಿಹಾಸದ ಮೇಷ್ಟರಾದ ನನಗೆ ಮುಖ್ಯವೆನಿಸುವುದು ಮೊದಲನೆಯ ಮತ್ತು ಎರಡನೆಯ ಹೊಲಗಳ ನಡುವಿನ ದಾರಿ. ಮಕ್ಕಳು ಅದನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತಾರೆ. 1700ರಲ್ಲಿ ಅಲ್ಲಿದ್ದ ಹೆಂಗಸು 1850ರ ವೇಳೆಗೆ ಎಲ್ಲಿಗೆ ಹೋದಳು? ಈ ಪ್ರಶ್ನೆಗೆ ಉತ್ತರ ನೇಗಿಲಿನಲ್ಲಾಗಲಿ ಒಲೆಯಲ್ಲಾಗಲಿ ಇಲ್ಲ. ಉತ್ತರವಿರುವುದು ಒಪ್ಪಂದಗಳಲ್ಲಿ. 1824, 1830, 1836 ಮತ್ತು 1838ರ ಒಪ್ಪಂದಗಳಲ್ಲಿ ಅಯೊವೇ ಜನ ತಮ್ಮ ನೆಲವನ್ನು ತುಂಡು ತುಂಡಾಗಿ ಕಳೆದುಕೊಂಡು ಮಿಸೌರಿ ನದಿಯ ಆಚೆಗೆ ಸರಿಯಬೇಕಾಯಿತು. ಅದೇ ನಾಡಿನಲ್ಲಿ ನೆಲೆಸಿದ್ದ ಸಾಕ್ ಮತ್ತು ಮೆಸ್ಕ್ವಾಕಿ ಜನರೂ 1842ರ ಒಪ್ಪಂದದಂತೆ ಮಧ್ಯ ಅಯೊವಾವನ್ನು ಬಿಟ್ಟುಕೊಟ್ಟರು. ಅವರು ಅಲ್ಲಿರಲು ಕೊಟ್ಟ ಗಡುವು 1845ರ ಅಕ್ಟೋಬರ್ 11ಕ್ಕೆ ಮುಗಿಯಿತು. ಡೆ ಮೊಯ್ನ್ ಸುತ್ತಿನ ನೆಲಕ್ಕೆ ವಲಸಿಗರು ನುಗ್ಗಿದ್ದು ಆಮೇಲೆ. 1850ರ ರೈತನ ಮನೆಯ ದಿಮ್ಮಿಗಳು ಇನ್ನೂ ಹಸಿಯಾಗಿದ್ದುವೆಂದೇ ಹೇಳಬೇಕು.

1837ರಲ್ಲಿ ಅಯೊವೇ ಮುಖಂಡನೊಬ್ಬ ವಾಷಿಂಗ್ಟನ್ನಿನ ಸಭೆಗೆ ಒಂದು ನಕ್ಷೆಯನ್ನು ಕೊಂಡೊಯ್ದ. ಇಂಗ್ಲಿಷಿನಲ್ಲಿ ಅವನನ್ನು ‘ನೋ ಹಾರ್ಟ್’ ಎಂದು ಕರೆಯುತ್ತಿದ್ದರು. ನದಿಗಳು, ತನ್ನ ಪೂರ್ವಿಕರು ವಾಸಿಸಿದ್ದ ಹಳ್ಳಿಗಳು, ಒಂದರಿಂದ ಇನ್ನೊಂದಕ್ಕೆ ಅವರು ಸಾಗಿದ ದಾರಿ, ಎಲ್ಲವೂ ಅದರಲ್ಲಿದ್ದುವು. ಈ ನೆಲ ನಮ್ಮದೆನ್ನುವುದಕ್ಕೆ ಅವನು ತಂದ ಪುರಾವೆಯದು. ಮರುವರ್ಷವೇ ಅಯೊವಾದಲ್ಲಿ ಉಳಿದಿದ್ದ ಹಕ್ಕನ್ನೂ ಅವರು ಬಿಟ್ಟುಕೊಡಬೇಕಾಯಿತು. ನಕ್ಷೆ ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ರಾಜ್ಯಕ್ಕೆ ಅವರ ಹೆಸರು ಉಳಿಯಿತು. ಅವರ ಸಂತತಿಯವರ ಎರಡು ಮಾನ್ಯತೆ ಪಡೆದ ಬುಡಕಟ್ಟುಗಳು ಇಂದು ಕ್ಯಾನ್ಸಸ್-ನೆಬ್ರಾಸ್ಕ ಗಡಿಯಲ್ಲಿಯೂ ಓಕ್ಲಹೋಮದಲ್ಲಿಯೂ ಇವೆ.

ಇನ್ನೊಂದು ಸಂಗತಿ ಉಪಾಧ್ಯಾಯನನ್ನು ನೇರವಾಗಿ ಮುಟ್ಟುವಂಥದು. ಅಮೆರಿಕದ 1785ರ ಭೂ ಕಾಯಿದೆ ಹೊಸ ನೆಲವನ್ನು ಚೌಕಗಳಾಗಿ ಅಳೆಯಿಸಿತು. 36 ಚೌಕಗಳಿಗೆ ಒಂದು ಟೌನ್‌ಶಿಪ್. ಒಂದೊಂದು ಚೌಕ 640 ಎಕರೆ. ಅದರಲ್ಲಿ 16ನೆಯ ಚೌಕ ಶಾಲೆಗೆ ಮೀಸಲು. ವಿದ್ಯೆಗೆ ಅಷ್ಟು ಗೌರವ ಕೊಟ್ಟ ಕಾಯಿದೆಯನ್ನು ಮೆಚ್ಚದಿರುವುದು ಕಷ್ಟ. ಆದರೆ ಆ ಚೌಕವೂ ಯಾರೋ ಬಿಟ್ಟುಹೋದ ನೆಲವೇ ಆಗಿತ್ತು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನು ಒಳ್ಳೆಯ ಇತಿಹಾಸದ ಮೇಷ್ಟರು. ವಲಸಿಗ ರೈತನ ಕಷ್ಟವೂ ನಿಜ, ಒಕ್ಕಲೆದ್ದವರ ದುಃಖವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಅಮೆರಿಕದಲ್ಲಿರುವ ನನ್ನ ಶಿಷ್ಯರಿಗೆ ಒಂದು ಮಾತು. ನಿಮ್ಮ ಮಗು ಇಂಥ ಪ್ರವಾಸ ಮುಗಿಸಿ ಬಂದ ದಿನ, ಏನೇನು ನೋಡಿದೆಯೆಂದು ಕೇಳಿ. ಕುದುರೆ, ಹಂದಿ, ಬೆಣ್ಣೆ ಕಡೆಯುವ ಕಡೆಗೋಲು ಎಲ್ಲವನ್ನೂ ಅದು ಉತ್ಸಾಹದಿಂದ ಹೇಳಲಿ. ಆಮೇಲೆ, ಅವರಿಗಿಂತ ಮುಂಚೆ ಆ ಹೊಲ ಯಾರದಾಗಿತ್ತೆಂದು ಕೇಳಿ. ಇಲ್ಲಿರುವ ನೀವೂ ನಿಮ್ಮ ಮಕ್ಕಳನ್ನು ಹಳ್ಳಿಗೆ ಕರೆದೊಯ್ದಾಗ, ಅಣೆಕಟ್ಟಿನ ಮೇಲೆ ನಿಂತಾಗ, ಅದೇ ಪ್ರಶ್ನೆಯನ್ನು ಕೇಳಬಹುದು. ಉತ್ತರ ಸಿಕ್ಕಿದರೆ ನನಗೂ ಬರೆದು ತಿಳಿಸಿ.