ಕೊನೇ ಪುಟದಲ್ಲಿರುವವರು

ಅಮೆರಿಕದವರಿಗೆ ವಂಶವೃಕ್ಷ ಹುಡುಕುವ ಹುಚ್ಚು ಜಾಸ್ತಿ. ಮುತ್ತಜ್ಜನ ಮುತ್ತಜ್ಜ ಯಾವ ಊರಲ್ಲಿ, ಯಾವ ದಿನ ಹುಟ್ಟಿದ ಅಂತ ಕೆಲವರು ಥಟ್ಟನೆ ಹೇಳಿಬಿಡ್ತಾರೆ! ಅದು ಹೇಗಪ್ಪಾ ಅಂತ ಹುಡುಕಿದ ನನಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಊರೂರಿನ ಜನನ, ಮದುವೆ, ಮರಣದ ಪುಸ್ತಕಗಳು. ಬರೀ ಹೆಸರು, ತಾರೀಕು. ಆದರೂ ರಾತ್ರಿ ಒಂದು ಗಂಟೆಯವರೆಗೆ ಪುಟ ತಿರುಗಿಸುತ್ತಾ ಕೂತಿದ್ದೆ...

ಅಲ್ಲಿ ನೆಲೆಸಿದ ಇಂಗ್ಲಿಷರು 1639ರಲ್ಲೇ ಪ್ರತಿ ಹುಟ್ಟು, ಮದುವೆ, ಸಾವಿನ ದಿನ ಬರೆದಿಡಬೇಕೆಂದು ಆಜ್ಞೆ ಮಾಡಿದ್ದರು. ಇಂಗ್ಲೆಂಡಿನಲ್ಲಿ ಈ ಕೆಲಸ ಚರ್ಚಿನದು, ಇಲ್ಲಿ ಊರಿನ ಕ್ಲರ್ಕಿನದು. 1902ರಲ್ಲಿ ಒಂದು ಕಾನೂನು ಬಂತು. 1850ರವರೆಗಿನ ಈ ದಾಖಲೆಗಳನ್ನು ಊರಿಗೊಂದು ಪುಸ್ತಕ ಮಾಡಿ ಅಚ್ಚು ಹಾಕಿದರೆ ಸರ್ಕಾರವೇ 500 ಪ್ರತಿ ಕೊಳ್ಳುತ್ತಿತ್ತು. ಕ್ಲರ್ಕು ಬಿಟ್ಟಿದ್ದನ್ನು ಸಮಾಧಿಕಲ್ಲು, ಚರ್ಚಿನ ಕಡತ, ಮನೆಮನೆಯ ಬೈಬಲ್ಲಿನಿಂದ ತುಂಬಿಸಿದರು. ಯಾವುದು ಎಲ್ಲಿಂದ ಬಂತು ಅಂತ ಪಕ್ಕದಲ್ಲೇ ಗುರುತು ಬೇರೆ!

ಓದುವಾಗ ಸ್ವಲ್ಪ ಹುಷಾರಾಗಿರಬೇಕು. 1702ರ ಏಪ್ರಿಲ್‌ನಲ್ಲಿ ಮದುವೆ, 1702ರ ಫೆಬ್ರವರಿಯಲ್ಲಿ ಮಗು ಅಂತಿದ್ದರೆ ಗಾಬರಿಯಾಗಬೇಡಿ :) 1752ರವರೆಗೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1703, ಮದುವೆಯಾಗಿ ಹತ್ತು ತಿಂಗಳು. ಇದಕ್ಕೇ ಎಷ್ಟೋ ಕಡೆ '1702-3' ಅಂತ ಎರಡೂ ವರ್ಷ ಬರೆದಿರುತ್ತಾರೆ.

ಹೆಂಗಸರನ್ನು ಹುಡುಕುವುದು ಇನ್ನೂ ಕಷ್ಟ. ಮಗುವಿನ ಹೆಸರಿನ ಮುಂದೆ 'ಜಾನ್ ಮತ್ತು ಮೇರಿಯ ಮಗಳು' ಅಂತಿರುತ್ತೆ ಅಷ್ಟೇ. ಆ ಮೇರಿ ಯಾರ ಮನೆಯ ಮಗಳು? ಗೊತ್ತಾಗಲ್ಲ. ಆಗ ಮದುವೆಗೆ ಮುಂಚೆ ಊರಿನಲ್ಲಿ ಸಾರಬೇಕಿದ್ದ ಪ್ರಕಟಣೆಯ ದಾಖಲೆ ಸಹಾಯಕ್ಕೆ ಬರುತ್ತೆ. ಅದರಲ್ಲಿ ತವರಿನ ಹೆಸರು, ಕೆಲವೊಮ್ಮೆ ತವರೂರೂ ಸಿಗುತ್ತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಈ ಪುಸ್ತಕಗಳೆಲ್ಲ ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿವೆ. ಮನೆತನದ ಹೆಸರೇ ಇಲ್ಲದವರು? ಹಲವು ಊರಿನ ಪುಸ್ತಕಗಳಲ್ಲಿ ಪಟ್ಟಿ ಮುಗಿದ ಮೇಲೆ, ಕಟ್ಟಕಡೆಗೆ, 'ನೀಗ್ರೋಗಳು' ಅಂತ ಒಂದು ತಲೆಬರಹ. ಅದರ ಕೆಳಗೆ ಒಂಟಿ ಹೆಸರುಗಳು, ಮುಂದೆ 'ಇಂಥವರ ಸೇವಕ' ಅಂತ ಯಜಮಾನನ ಹೆಸರು. ಅಪ್ಪನ ಹೆಸರಿರಬೇಕಾದ ಕಡೆ ಮಾಲೀಕನ ಹೆಸರು!

ಡೀರ್‌ಫೀಲ್ಡ್ ಅನ್ನೋ ಊರಿನ ಲೂಸಿ ಟೆರಿಯನ್ನೇ ನೋಡಿ. ಆಫ್ರಿಕಾದಲ್ಲಿ ಹುಟ್ಟಿ ಗುಲಾಮಳಾಗಿ ಬಂದವಳು. ಈ ದಾಖಲೆಗಳಲ್ಲಿ ಅವಳ ಹುಟ್ಟಿದ ದಿನ ಇರುವುದು ಸಾಧ್ಯವೇ ಇಲ್ಲ. 1735ರಲ್ಲಿ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು, 1756ರಲ್ಲಿ ಅಬೈಜಾ ಪ್ರಿನ್ಸ್ ಎಂಬ ಕರಿಯನ ಜೊತೆ ಮದುವೆ, ಆರು ಮಕ್ಕಳು. 1746ರಲ್ಲಿ ಅಲ್ಲಿ ನಡೆದ ದಾಳಿಯ ಬಗ್ಗೆ ಅವಳು ಕಟ್ಟಿದ ಪದ್ಯ ಜನರ ಬಾಯಲ್ಲೇ ಉಳಿದು 1855ರಲ್ಲಿ ಅಚ್ಚಾಯಿತು. ಆಫ್ರಿಕನ್ ಅಮೆರಿಕನ್ನರ ಸಾಹಿತ್ಯದಲ್ಲಿ ಗೊತ್ತಿರುವ ಮೊದಲ ಪದ್ಯ ಅದು. ಆ ಪದ್ಯ ಇಲ್ಲದಿದ್ದರೆ ಲೂಸಿಯ ಬದುಕನ್ನು ಯಾರು ತಾನೇ ಹುಡುಕಲು ಹೋಗುತ್ತಿದ್ದರು?

ಈಗ ನಾನು ಯಾವ ಊರಿನ ಪುಸ್ತಕ ತೆರೆದರೂ ಮೊದಲು ನೋಡುವುದು ಕೊನೇ ಪುಟಗಳನ್ನೇ. ನೀವೂ ಯಾವತ್ತಾದರೂ ಬಿಡುವಿದ್ದಾಗ ಒಮ್ಮೆ ಅಲ್ಲಿಂದಲೇ ಶುರುಮಾಡಿ ನೋಡಿ...